ಶಿವಮೊಗ್ಗದಲ್ಲೇ ಇದ್ದು ಕಮರ್ಷಿಯಲ್ ಕಟ್ಟಡಗಳ ಸಾಲದ ಕೆಲಸ ಕಲಿಯಬಹುದಾ?

ಹೊಸನಗರದ ಹುಡುಗಿ · ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನನಗೆ 26 ವರ್ಷ. ಊರಲ್ಲಿ ಎರಡು ಎಕರೆ ಅಡಿಕೆ ತೋಟ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಶಿವಮೊಗ್ಗದಲ್ಲಿ ಬಿಕಾಂ, ಎಂಬಿಎ ಮುಗಿಸಿ ಒಂದು ಖಾಸಗಿ ಸಾಲ ಸಂಸ್ಥೆಯಲ್ಲಿ ಎರಡೂವರೆ ವರ್ಷ ಗೃಹಸಾಲ ನೋಡಿದೆ. ಸಂಬಳದ ಚೀಟಿ, ಫಾರಂ 16, ಸಿಬಿಲ್ ಸ್ಕೋರ್, ಮನೆ ಪತ್ರ. ಆ ಕೆಲಸ ಕೈಗೆ ಹತ್ತಿದೆ. ಮೂರು ತಿಂಗಳ ಹಿಂದೆ ನನ್ನನ್ನು ಅಂಗಡಿ, ಗೋದಾಮು, ಲಾಡ್ಜ್, ಬಾಡಿಗೆ ಕಟ್ಟಡಗಳ ಸಾಲದ ಟೇಬಲ್ಲಿಗೆ ಹಾಕಿದರು. ಅಲ್ಲಿಂದ ಬೆಳಿಗ್ಗೆ ಎದ್ದು ಆಫೀಸಿಗೆ ಹೋಗೋದೇ ಖುಷಿಯಾಗಿದೆ.

ಮೊದಲ ಫೈಲ್ ಸವಳಂಗ ರಸ್ತೆಯ ಒಂದು ಕಟ್ಟಡದ್ದು. ಕೆಳಗೆ ಬ್ಯಾಂಕ್ ಶಾಖೆ, ಬಾಡಿಗೆ ತಿಂಗಳಿಗೆ 60,000. ಮೊದಲ ಮಹಡಿಯಲ್ಲಿ ಕೋಚಿಂಗ್ ಕ್ಲಾಸು, 35,000. ಎರಡನೇ ಮಹಡಿ ಖಾಲಿ. ಮಾಲೀಕರು ಕೇಳಿದ್ದು 80 ಲಕ್ಷ. ಕಟ್ಟಡಕ್ಕೆ ಎರಡು ಕೋಟಿ ಬೆಲೆ ಬರುತ್ತದೆ ಅಂತ ಎಂಜಿನಿಯರ್ ಬರೆದಿದ್ದಾರೆ. ನನಗೆ ಇದು ಸಲೀಸಾದ ಫೈಲ್ ಅನ್ನಿಸಿತು. ಕ್ರೆಡಿಟ್ ಮ್ಯಾನೇಜರ್ ಮಾತ್ರ "ಬೆಲೆ ಆಮೇಲೆ ನೋಡೋಣ, ಕಂತು ಎಲ್ಲಿಂದ ಬರುತ್ತೆ ಹೇಳಿ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಈಗ ಬೆಂಗಳೂರಿನ ದೊಡ್ಡ ತಂಡಕ್ಕೆ ಬರುತ್ತೀಯಾ ಅಂತ ಕೇಳಿದ್ದಾರೆ. ಅಲ್ಲಿ ಟೆಕ್ ಪಾರ್ಕು, ಮಾಲು, ನೂರಾರು ಕೋಟಿಯ ಸಾಲ. ಶುಕ್ರವಾರದೊಳಗೆ ಹೇಳಬೇಕು. ಇಲ್ಲೇ ಇದ್ದರೆ ಈ ಕೆಲಸ ನಿಜವಾಗಿ ಕಲಿಯಲು ಆಗುತ್ತದಾ, ಇಲ್ಲ ಸಣ್ಣ ಅಂಗಡಿ ಸಾಲದಲ್ಲೇ ಉಳಿದುಬಿಡುತ್ತೇನಾ? ಈ ಕ್ಷೇತ್ರದಲ್ಲಿ ಇರುವವರು ಹೇಳಿ.

ಹಳೇ ಮ್ಯಾನೇಜರ್ · ಭಾನುವಾರ, ರಾತ್ರಿ 10:25

ನೋಡಮ್ಮ, ನಾನು 34 ವರ್ಷ ಬ್ಯಾಂಕಿನಲ್ಲಿ ಇದ್ದವನು. ಅದರಲ್ಲಿ ಹನ್ನೊಂದು ವರ್ಷ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಶಾಖೆಗಳಲ್ಲಿ. ಬೆಂಗಳೂರಿನ ಮಾತು ಆಮೇಲೆ ಆಡೋಣ. ಮೊದಲು ನಿನ್ನ ಆ ಫೈಲ್ ಬಿಡಿಸೋಣ.

ಬಡ್ಡಿ 10, ಅವಧಿ 10 ವರ್ಷ ಅಂತ ಇಟ್ಟುಕೋ. ಒಂದು ಲಕ್ಷಕ್ಕೆ ಕಂತು 1,322 ರೂಪಾಯಿ ಬರುತ್ತದೆ. 80 ಲಕ್ಷಕ್ಕೆ ಸುಮಾರು 1,05,700. ಬರುವ ಬಾಡಿಗೆ 95,000. ಅಲ್ಲಿಗೆ ಕಥೆ ಮುಗಿಯಿತಲ್ಲ. ಬಾಡಿಗೆ ಪೂರ್ತಿ ಕೊಟ್ಟರೂ ಕಂತು ತುಂಬಲ್ಲ.

ಇನ್ನು ಆ 95,000 ಕೂಡ ಪೂರ್ತಿ ಕೈಗೆ ಸಿಗುವುದಲ್ಲ. ಕಂದಾಯ, ಬಣ್ಣ, ರಿಪೇರಿ, ನಡುವೆ ಒಂದೆರಡು ತಿಂಗಳು ಖಾಲಿ ಬೀಳೋದು ಅಂತ ಕನಿಷ್ಠ 10,000 ತೆಗೆ. ಉಳಿದದ್ದು 85,000. ಅಷ್ಟನ್ನೂ ಕಂತಿಗೆ ಕಟ್ಟಿಹಾಕಬಾರದು. 100 ರೂಪಾಯಿ ಕಂತಿಗೆ 125 ರೂಪಾಯಿ ಆದಾಯ ಇರಬೇಕು ಅಂತ ನಾವು ನೋಡುತ್ತಿದ್ದೆವು. ಡಿಎಸ್‌ಸಿಆರ್ 1.25 ಅಂದರೆ ಇದೇ. 85,000ವನ್ನು 1.25ರಿಂದ ಭಾಗಿಸಿದರೆ 68,000. ಆ ಕಂತಿಗೆ ನಿಲ್ಲುವ ಸಾಲ 51 ಲಕ್ಷ ಚಿಲ್ಲರೆ.

ಅಡ್ವಾನ್ಸ್ ಎಷ್ಟು ತಗೊಂಡಿದ್ದಾರೆ ಕೇಳಿದೆಯಾ? ಹತ್ತು ತಿಂಗಳ ಬಾಡಿಗೆ ತಗೊಂಡಿದ್ದರೆ ಒಂಬತ್ತೂವರೆ ಲಕ್ಷ ಆಯಿತು. ಮಾಲೀಕರು ಅದನ್ನು ಮಗಳ ಮದುವೆಗೋ, ಲಿಫ್ಟ್ ಹಾಕಿಸಲೋ ಖರ್ಚು ಮಾಡಿರುತ್ತಾರೆ. ಬಾಡಿಗೆದಾರ ಬಿಟ್ಟು ಹೋಗುವ ದಿನ ಬಾಡಿಗೆಯೂ ನಿಲ್ಲುತ್ತದೆ, ಅಡ್ವಾನ್ಸೂ ವಾಪಸ್ ಕೊಡಬೇಕು. ಸಿಬಿಲ್‌ನಲ್ಲಿ ಕಾಣದ ಸಾಲ ಅದು. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಆಮೇಲೆ ಬ್ಯಾಂಕ್ ಶಾಖೆಯ ಕರಾರು ಇನ್ನೆಷ್ಟು ವರ್ಷ ಇದೆ ನೋಡು. ನಾಲ್ಕು ವರ್ಷ ಉಳಿದಿದ್ದರೆ ಹತ್ತು ವರ್ಷದ ಸಾಲ ಹೇಗೆ ಕೊಡುತ್ತೀಯ? ಐದನೇ ವರ್ಷ ಕಂತು ಕಟ್ಟುವವರು ಯಾರು? ಶಾಖೆಗಳು ಒಂದಕ್ಕೊಂದು ವಿಲೀನ ಆದಾಗ ಒಂದೇ ಬೀದಿಯ ಎರಡು ಶಾಖೆಯಲ್ಲಿ ಒಂದು ಮುಚ್ಚಿದ್ದನ್ನು ನಾವೇ ಕಂಡಿದ್ದೇವೆ.

ಹೊಸನಗರದ ಹುಡುಗಿ · ಭಾನುವಾರ, ರಾತ್ರಿ 10:50

ಸರ್, ತುಂಬಾ ಥ್ಯಾಂಕ್ಸ್. ಅಡ್ವಾನ್ಸ್ ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ನಾಳೆ ಫೋನ್ ಮಾಡುತ್ತೇನೆ.

ಬೆಂಗಳೂರಲ್ಲಿರುವ ಸಾಗರದವ · ಸೋಮವಾರ, ಬೆಳಿಗ್ಗೆ 7:30

ಮೆಟ್ರೋದಲ್ಲಿ ಕೂತು ಬರೆಯುತ್ತಿದ್ದೇನೆ. ನೀವು ಹೇಳಿದಂಥದ್ದೇ ದೊಡ್ಡ ತಂಡದಲ್ಲಿ ಆರು ವರ್ಷದಿಂದ ಇದ್ದೇನೆ. ನನ್ನ ಅಭಿಪ್ರಾಯ, ಬನ್ನಿ.

ಶಿವಮೊಗ್ಗದಲ್ಲಿ ಎಷ್ಟೇ ವರ್ಷ ಇದ್ದರೂ ಕೆಲವು ವಿಷಯ ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಬಾಡಿಗೆ ಮೇಲಿನ ಸಾಲದಲ್ಲಿ, ಅಂದರೆ ಎಲ್‌ಆರ್‌ಡಿಯಲ್ಲಿ, ಬಾಡಿಗೆ ಮಾಲೀಕರ ಕೈಗೇ ಹೋಗುವುದಿಲ್ಲ. ಬಾಡಿಗೆಗಿರುವ ಕಂಪನಿ ನೇರ ಎಸ್ಕ್ರೋ ಖಾತೆಗೆ (ಸಾಲ ಕೊಟ್ಟವರ ಹಿಡಿತದಲ್ಲಿರುವ ಪ್ರತ್ಯೇಕ ಖಾತೆ) ಹಾಕುತ್ತದೆ, ಅಲ್ಲಿ ಕಂತು ಕಡಿದುಕೊಂಡು ಉಳಿದದ್ದು ಮಾಲೀಕರಿಗೆ. ಕಟ್ಟುತ್ತಿರುವ ಕಟ್ಟಡಕ್ಕೆ ಸಾಲ ಕೊಡುವುದಂತೂ ಬೇರೆಯೇ ವಿದ್ಯೆ. ರಿಸರ್ವ್ ಬ್ಯಾಂಕಿನ ಪ್ರಾಜೆಕ್ಟ್ ಫೈನಾನ್ಸ್ ನಿಯಮ 2025ರ ಅಕ್ಟೋಬರ್ 1ರಿಂದ ಬಂದಿದೆ. ಮುಂದೆ ಸಾಲ ಮುಳುಗಿದರೆ ಅಂತ, ಕಟ್ಟುವ ಹಂತದ ವಾಣಿಜ್ಯ ಕಟ್ಟಡಕ್ಕೆ ಸಾಲ ಕೊಟ್ಟವರು ಸಾಲದ 1.25% ಮೀಸಲು ಇಡಬೇಕು, ಮನೆಗಳ ಪ್ರಾಜೆಕ್ಟಿಗೆ 1%. ಕಟ್ಟಡ ಮುಗಿದು ವ್ಯವಹಾರ ಶುರುವಾಗುವ ದಿನ ಯಾವುದು, ಅದು ಮುಂದೆ ಹೋದರೆ ಏನು ಅನ್ನುವುದರ ಮೇಲೆಯೇ ಇಡೀ ಸಾಲ ನಿಂತಿರುತ್ತದೆ. 2019ರಲ್ಲಿ ಎಂಬಸಿ ರೀಟ್ (ಕಟ್ಟಡಗಳ ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟ್) ಷೇರುಪೇಟೆಗೆ ಬಂದ ಮೇಲೆ ಆಫೀಸ್ ಕಟ್ಟಡದ ಬಾಡಿಗೆಯನ್ನು ಸಾಮಾನ್ಯ ಜನರೂ ಯೂನಿಟ್ ಲೆಕ್ಕದಲ್ಲಿ ಕೊಳ್ಳಬಹುದು. ಈ ಲೋಕದ ಬಾಗಿಲು ಬೆಂಗಳೂರು, ಮುಂಬೈನಲ್ಲೇ ಇರೋದು. 26ಕ್ಕೆ ಬಂದರೆ ಕಲಿಯಲು ಸಮಯ ಇರುತ್ತದೆ.

ತೀರ್ಥಹಳ್ಳಿ ವಕೀಲ · ಸೋಮವಾರ, ಮಧ್ಯಾಹ್ನ 1:40

ಮೇಡಂ, ನಾನು ಮೂರು ಸಾಲ ಸಂಸ್ಥೆಗಳಿಗೆ ಲೀಗಲ್ ಒಪಿನಿಯನ್ ಬರೆಯುತ್ತೇನೆ. ಸಾಗರದವರ ಮಾತು ಸುಳ್ಳಲ್ಲ. ಆದರೆ ಜಾಗದ ಪತ್ರ ಓದಲು ಕಲಿಯಬೇಕೆಂದರೆ ಮಲೆನಾಡಿಗಿಂತ ಒಳ್ಳೆ ಶಾಲೆ ಇಲ್ಲ. ಒಂದೆರಡು ಉದಾಹರಣೆ ಕೊಡುತ್ತೇನೆ.

ರಸ್ತೆ ಬದಿಯಲ್ಲಿ ಹನ್ನೆರಡು ರೂಮಿನ ಚೆಂದದ ಲಾಡ್ಜ್ ಇರುತ್ತದೆ. ಪಹಣಿ ತೆಗೆದರೆ ಇನ್ನೂ ಬಾಗಾಯ್ತು, ಅಂದರೆ ತೋಟದ ಜಮೀನು. ಭೂ ಪರಿವರ್ತನೆಯೇ ಆಗಿಲ್ಲ. ನಾಳೆ ಸಾಲ ಸುಸ್ತಿಯಾದರೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತಗೊಳ್ಳಬಹುದು ಅಂತ ನಿಮ್ಮ ಆಫೀಸಿನವರು ಅಂದುಕೊಂಡಿರುತ್ತಾರೆ. ಆ ಕಾಯ್ದೆ ಕೃಷಿ ಜಮೀನಿಗೆ ಅನ್ವಯ ಆಗುವುದೇ ಇಲ್ಲ. ಪರಿವರ್ತನೆ ಆಗಿದ್ದರೂ ಆದೇಶ ಪೂರ್ತಿ ಓದಿ. ವಾಸಕ್ಕೆ ಅಂತ ಪರಿವರ್ತನೆ ಮಾಡಿಸಿ ಮೇಲೆ ಕಲ್ಯಾಣ ಮಂಟಪ ಕಟ್ಟಿದ ಫೈಲ್ ನನ್ನ ಮೇಜಿನ ಮೇಲೆ ಈಗಲೂ ಇದೆ. ಪಂಚಾಯ್ತಿ ವ್ಯಾಪ್ತಿ ಆದರೆ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಅಧಿಕೃತ ಆಸ್ತಿಯ ನಮೂನೆ 9, 11ಎ ಇದೆಯೋ, ಅನಧಿಕೃತ ಆಸ್ತಿಗೆ ಕೊಡುವ 11ಬಿ ಮಾತ್ರ ಇದೆಯೋ ನೋಡಿ.

ಸಾಗರ, ಹೊಸನಗರ ಕಡೆಯ ಜಾಗ ಬಂದರೆ ಇನ್ನೂ ಹಿಂದಕ್ಕೆ ಹೋಗಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಿಂದ ಎದ್ದು ಬಂದ ಎಷ್ಟೋ ಕುಟುಂಬಗಳು ಉಳುತ್ತಿರುವ, ಮನೆ ಕಟ್ಟಿಕೊಂಡಿರುವ ಜಾಗ ದಾಖಲೆಯಲ್ಲಿ ಇವತ್ತಿಗೂ ಕಾಡು. ಮೂರು ತಲೆಮಾರಿನಿಂದ ಅಲ್ಲೇ ಇದ್ದಾರೆ, ವ್ಯಾಪಾರ ಚೆನ್ನಾಗಿದೆ, ಮನುಷ್ಯರು ಪ್ರಾಮಾಣಿಕರು. ಆದರೂ ಅಡಮಾನಕ್ಕೆ ಕೊಡಲು ಹಕ್ಕುಪತ್ರ ಇಲ್ಲ. ಅಂಥವರಿಗೆ "ಪತ್ರ ಸರಿ ಇಲ್ಲ" ಅಂತ ಒರಟಾಗಿ ಹೇಳಿ ಕಳಿಸಬೇಡಿ ಮೇಡಂ. ತಪ್ಪು ಅವರದಲ್ಲ. ಆಸ್ತಿ ಕೇಳದ ಸಣ್ಣ ಸಾಲ ಬೇರೆ ಏನಾದರೂ ಸಿಗುತ್ತದಾ ಅಂತ ಕೂತು ನೋಡಿ ಹೇಳಿ.

ಕೊನೆಗೆ ಹೆಣ್ಣುಮಕ್ಕಳ ಸಹಿ. ಪಿತ್ರಾರ್ಜಿತ ಕಟ್ಟಡವನ್ನು ಅಣ್ಣ ತಮ್ಮಂದಿರು ಮಾತ್ರ ಭಾಗ ಮಾಡಿಕೊಂಡಿರುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಅದರ ಮೇಲೆ 2020ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಭಾಗಪತ್ರ ಆದರೆ ಮಾತು ಬೇರೆ. ವಂಶವೃಕ್ಷ ಇಟ್ಟುಕೊಂಡು ಒಬ್ಬೊಬ್ಬರ ಹೆಸರಿಗೂ ಟಿಕ್ ಹಾಕಿ. ಮದುವೆಯಾಗಿ ಶಿರಸಿಗೋ ಮುಂಬೈಗೋ ಹೋದ ಅಕ್ಕನ ಹೆಸರು ಎಲ್ಲಿ ಅಂತ ಕೇಳಿ.

ಗಾಂಧಿ ಬಜಾರ್ ಅಂಗಡಿ · ಸೋಮವಾರ, ಸಂಜೆ 4:15

ನಾನು ಸಾಲ ತಗೊಳ್ಳುವ ಕಡೆಯವನು. ಎಲ್ಲಾ ಓದಿದೆ. ತುಂಬಾ ಉಪಯೋಗ ಆಯ್ತು. ನಮ್ಮ ಅಕ್ಕನ ಸಹಿ ಇಲ್ಲ ಅಂತಲೇ ನನ್ನ ಫೈಲ್ ನಿಂತಿದ್ದು ಅಂತ ಇವತ್ತು ಅರ್ಥ ಆಯ್ತು. ಯಾರೂ ಬಿಡಿಸಿ ಹೇಳಿರಲಿಲ್ಲ.

ಅಡಿಕೆ ಗೋದಾಮು · ಸೋಮವಾರ, ರಾತ್ರಿ 8:05

ತಂಗೀ, ನಾನು ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರ ಮಾಡುವವನು. ಸಾಲ ತಗೊಂಡವನಾಗಿ ಒಂದು ಮಾತು ಹೇಳುತ್ತೇನೆ.

2021ರಲ್ಲಿ ಸಾಗರ ರಸ್ತೆ ಕಡೆ ಗೋದಾಮು ಕಟ್ಟಲು ಒಂದು ಕಡೆ ಸಾಲಕ್ಕೆ ಹೋದೆ. ನನ್ನದೇ ಅಡಿಕೆ ಇಡಲು, ನನ್ನದೇ ವ್ಯಾಪಾರಕ್ಕೆ. ಅವರು ಅದನ್ನು ರಿಯಲ್ ಎಸ್ಟೇಟ್ ಅಂತ ಬರೆದು ಬಡ್ಡಿ ಜಾಸ್ತಿ ಹಾಕಿದರು. ಕಂತು ಪ್ರತಿ ತಿಂಗಳು ಒಂದೇ ಸಮ. ನಮ್ಮಲ್ಲಿ ಕೊಯ್ಲು ದೀಪಾವಳಿ ಆಸುಪಾಸಿಗೆ ಜೋರಾಗುತ್ತದೆ, ಫೆಬ್ರವರಿವರೆಗೂ ಮಾಲು ಬರುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಕೈಯಲ್ಲಿ ದುಡ್ಡು ಆಡುವುದಿಲ್ಲ. ಕೊಳೆ ರೋಗ ಬಂದ ವರ್ಷವಂತೂ ಕೇಳಲೇಬೇಡಿ. ಕಂತು ತಪ್ಪಿ 90 ದಿನ ಆದರೆ ಎನ್‌ಪಿಎ, ಅಂದರೆ ಸುಸ್ತಿ ಸಾಲ ಅಂತೆ. ನಮ್ಮ ಮಳೆಗಾಲವೇ 90 ದಿನಕ್ಕಿಂತ ಉದ್ದ. ಆ ವರ್ಷ ಮನೆಯ ಬಂಗಾರ ಇಟ್ಟು ಎರಡು ಕಂತು ಕಟ್ಟಿದೆ.

ನೀನು ತೋಟದ ಮನೆಯ ಹುಡುಗಿ. ಇದು ನಿನಗೆ ಹೇಳಿಕೊಡದೆ ಅರ್ಥ ಆಗುತ್ತದೆ. ಬೆಂಗಳೂರಿನಿಂದ ಬಂದವರಿಗೆ ನಾನು ಮೂರು ಸಲ ಹೇಳಬೇಕಾಯಿತು.

ಹಳೇ ಮ್ಯಾನೇಜರ್ · ಸೋಮವಾರ, ರಾತ್ರಿ 9:00

ಗೋದಾಮಿನವರೇ, ನಿಮಗೆ ಆದದ್ದು ಅನ್ಯಾಯ. ಇದನ್ನು ನೀನೂ ಸರಿಯಾಗಿ ತಿಳಿದುಕೋಬೇಕಮ್ಮ, ಯಾಕೆಂದರೆ ಈ ಕೆಲಸದ ತಿರುಳು ಇಲ್ಲೇ ಇದೆ.

ಯಾವ ಸಾಲವನ್ನು ವಾಣಿಜ್ಯ ರಿಯಲ್ ಎಸ್ಟೇಟ್ ಅನ್ನಬೇಕು ಅಂತ ರಿಸರ್ವ್ ಬ್ಯಾಂಕ್ 2009ರ ಸೆಪ್ಟೆಂಬರ್‌ನಲ್ಲೇ ಬಿಡಿಸಿ ಹೇಳಿದೆ. ಸಾಲ ತೀರುವ ಹಣ ಆ ಕಟ್ಟಡದ ಬಾಡಿಗೆಯಿಂದ ಅಥವಾ ಮಾರಾಟದಿಂದ ಬರುತ್ತದೆಯೋ, ಇಲ್ಲ ಒಳಗೆ ನಡೆಯುವ ವ್ಯಾಪಾರದಿಂದ ಬರುತ್ತದೆಯೋ ಅನ್ನುವುದೇ ಪ್ರಶ್ನೆ. ತಾನೇ ನಡೆಸುವ ಹೋಟೆಲ್, ಆಸ್ಪತ್ರೆ, ಸಿನಿಮಾ ಮಂದಿರ, ಗೋದಾಮು, ಶೀತಲಗೃಹ ಇವೆಲ್ಲ ಆ ಗುಂಪಿಗೆ ಸೇರುವುದಿಲ್ಲ. ಅದೇ ಗೋದಾಮನ್ನು ಸಿಮೆಂಟ್ ಡೀಲರಿಗೆ ಬಾಡಿಗೆಗೆ ಕೊಟ್ಟು ಆ ಬಾಡಿಗೆಯಿಂದ ಕಂತು ಕಟ್ಟಿದರೆ ಸೇರುತ್ತದೆ. ಗೋಡೆ ಅದೇ, ಶೀಟು ಅದೇ. ಒಳಗಿನ ವ್ಯವಹಾರ ಬೇರೆ, ಆದ್ದರಿಂದ ಸಾಲವೂ ಬೇರೆ.

ಇದರಿಂದ ದುಡ್ಡಿನ ವ್ಯತ್ಯಾಸ ಆಗುತ್ತದೆ. ಕಟ್ಟಿ ಮುಗಿದ ವಾಣಿಜ್ಯ ರಿಯಲ್ ಎಸ್ಟೇಟ್ ಸಾಲ ಚೆನ್ನಾಗಿ ನಡೆಯುತ್ತಿದ್ದರೂ ಬ್ಯಾಂಕ್ 1% ಮೀಸಲು ತೆಗೆದಿಡಬೇಕು. ಸಣ್ಣ ಉದ್ದಿಮೆ ಸಾಲ ಆದರೆ 0.25% ಸಾಕು. ಒಂದು ಕೋಟಿಗೆ ಒಂದು ಲಕ್ಷ ಎಲ್ಲಿ, 25,000 ಎಲ್ಲಿ. ಆ ಹೊರೆ ಬಡ್ಡಿಯಲ್ಲಿ ಸೇರಿ ಕೊನೆಗೆ ಸಾಲಗಾರರ ತಲೆ ಮೇಲೇ ಬರುತ್ತದೆ. ಫೈಲ್ ಬರೆಯುವ ಹುಡುಗ ಹುಡುಗಿಯರು ಒಂದು ಕಾಲಂ ತಪ್ಪು ತುಂಬಿದರೆ ಇಂಥವರು ಬಂಗಾರ ಅಡ ಇಡಬೇಕಾಗುತ್ತದೆ. ಕಂತಿನ ವಾಯಿದೆಯನ್ನೂ ಆದಾಯ ಬರುವ ತಿಂಗಳಿಗೆ ಹೊಂದಿಸಿ ಮಂಜೂರು ಮಾಡಿಸಬಹುದು. ಕಾರಣವನ್ನು ಫೈಲಿನಲ್ಲಿ ಬರೆದು ವಾದ ಮಾಡಬೇಕು ಅಷ್ಟೆ.

ಇನ್ನೊಂದು. ಹೊಳೆ ದಾಟಲು ಲಾಂಚ್ ಇದ್ದ ಕಾಲದಲ್ಲಿ ಅಂಬಾರಗೋಡ್ಲು ದಡದ ಒಂದು ಹೋಟೆಲ್ ಫೈಲ್ ನನ್ನ ಹತ್ತಿರ ಬಂದಿತ್ತು. ಸಿಗಂದೂರಿಗೆ ಹೋಗುವವರು ಗಂಟೆಗಟ್ಟಲೆ ಕಾಯುತ್ತಿದ್ದರು. ಚಹಾ, ಮಂಡಕ್ಕಿ, ಊಟ ಎಲ್ಲ ಜೋರು. ನಾನು ಒಂದು ದಿನ ಬೆಳಗಿನಿಂದ ಸಂಜೆವರೆಗೆ ಅಲ್ಲೇ ಕೂತು ನೋಡಿದೆ. ಲಾಂಚ್ ಬಂದ ತಕ್ಷಣ ಅರ್ಧ ತಿಂದ ತಟ್ಟೆ ಬಿಟ್ಟು ಜನ ಓಡುತ್ತಿದ್ದರು. ಆ ಹೋಟೆಲಿನ ಆದಾಯ ನಿಂತಿದ್ದು ಕಾಯುವಿಕೆಯ ಮೇಲೆ. ಸೇತುವೆಯ ಮಾತು ಆಗಲೇ ಇತ್ತು. ನಾನು ಮೂರೇ ವರ್ಷಕ್ಕೆ, ಸಣ್ಣ ಮೊತ್ತ ಕೊಟ್ಟೆ. ತೀರಿಸಿದರು. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆದಾಗ ಮೊದಲು ನೆನಪಾದದ್ದು ಆ ತಟ್ಟೆಗಳು.

ಹೊಸನಗರದ ಹುಡುಗಿ · ಮಂಗಳವಾರ, ರಾತ್ರಿ 9:30

ಎರಡು ದಿನದಿಂದ ಇದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ಸವಳಂಗ ರಸ್ತೆ ಮಾಲೀಕರಿಗೆ ಫೋನ್ ಮಾಡಿದೆ. ಅಡ್ವಾನ್ಸ್ ಎಂಟು ಲಕ್ಷ ಇದೆ, ಖರ್ಚಾಗಿದೆ. ಶಾಖೆಯ ಕರಾರು ಇನ್ನು ಐದು ವರ್ಷ ಮಾತ್ರ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಹೋದ ತಿಂಗಳು ಇನ್ನೊಂದು ಫೈಲ್ ಬಂತು. ಎರಡು ಮಳಿಗೆ, ಬಾಡಿಗೆ ಕರಾರು ಪತ್ರ ಸಮೇತ. ತಿಂಗಳಿಗೆ 48,000 ಅಂತ ಇತ್ತು. ನಾನು ಪತ್ರ ತಿರುವಿ ಹಾಕುತ್ತಿದ್ದೆ. ಕರಾರಿನ ತಾರೀಕು ಜನವರಿ ಅಂತ ಬರೆದಿದೆ. ಮೇಲ್ಗಡೆ ಇ-ಸ್ಟ್ಯಾಂಪ್ ತಗೊಂಡ ತಾರೀಕು ಮುದ್ರಣ ಆಗಿರುತ್ತದಲ್ಲ, ಅದು ಏಪ್ರಿಲ್. ಜನವರಿಯಲ್ಲಿ ಸಹಿ ಹಾಕಿದ ಕಾಗದ ಏಪ್ರಿಲ್‌ನಲ್ಲಿ ಹುಟ್ಟಿದೆ! ಬಾಡಿಗೆದಾರರು ಮಾಲೀಕರ ಭಾವಮೈದ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದೇ ಒಂದು ತಿಂಗಳೂ 48,000 ಬಂದಿಲ್ಲ.

ನನ್ನ ಮೇಲಿನವರು "ಸುಮ್ನೆ ಕಳಿಸು, ತಿಂಗಳ ಟಾರ್ಗೆಟ್ ಇದೆ, ಆಸ್ತಿ ಇದೆಯಲ್ಲ" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎರಡೂ ತಾರೀಕನ್ನು ವರದಿಯಲ್ಲಿ ಹಾಗೇ ಬರೆದು ಕಳಿಸಿದೆ. ಫೈಲ್ ವಾಪಸ್ ಬಂತು. ಟಾರ್ಗೆಟ್ ತಪ್ಪಿತು. ಒಂದು ವಾರ ತಂಡದಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಮಾಡಿದ್ದು ಸರಿ ಅಂತ ಗೊತ್ತಿದೆ. ಆದರೂ ನೋವಾಯಿತು. ಬೆಂಗಳೂರಿಗೆ ಹೋಗಿಬಿಡೋಣ ಅನ್ನಿಸಿದ್ದರಲ್ಲಿ ಇದೂ ಒಂದು ಕಾರಣ.

ಟೇಪು ಹಿಡಿಯುವ ಅಕ್ಕ · ಮಂಗಳವಾರ, ರಾತ್ರಿ 10:15

ತಂಗಿ, ನಾನು ಸಿವಿಲ್ ಎಂಜಿನಿಯರ್, ಹದಿನಾಲ್ಕು ವರ್ಷದಿಂದ ಶಿವಮೊಗ್ಗ, ಚಿಕ್ಕಮಗಳೂರು ಕಡೆ ವ್ಯಾಲ್ಯುಯೇಷನ್, ಅಂದರೆ ಆಸ್ತಿಗೆ ಬೆಲೆ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನೀನು ಮಾಡಿದ್ದು ಸರಿ. ಆ ವರದಿಯ ನಕಲು ಇಟ್ಟುಕೋ. ಆ ಫೈಲ್ ಪಾಸ್ ಆಗಿ ಎರಡು ವರ್ಷಕ್ಕೆ ಸುಸ್ತಿಯಾಗಿದ್ದರೆ, ಸಹಿ ಯಾರದು ಅಂತ ಹುಡುಕಿಕೊಂಡು ಬರುತ್ತಿದ್ದದ್ದು ನಿನ್ನ ಹತ್ತಿರವೇ.

ನಮ್ಮ ಕಡೆಯ ತಪ್ಪೂ ಇದೆ. ಸೋಗಾನೆಯಲ್ಲಿ ವಿಮಾನ ನಿಲ್ದಾಣ 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯಿತು. ಅಲ್ಲಿಂದ ಆ ಕಡೆಯ ಪ್ರತಿ ಜಾಗದ ಮಾಲೀಕರೂ ಒಂದು ದೊಡ್ಡ ಬೆಲೆ ಹೇಳುತ್ತಾರೆ. ಕೇಳಿದ ಬೆಲೆಯನ್ನೇ ಬರೆಯುವ ಎಂಜಿನಿಯರ್‌ಗಳೂ ಇದ್ದಾರೆ. ನಿನ್ನ ಸವಳಂಗ ರಸ್ತೆ ಕಟ್ಟಡವನ್ನೇ ತಗೋ. ತಿಂಗಳಿಗೆ 85,000 ಅಂದರೆ ವರ್ಷಕ್ಕೆ 10 ಲಕ್ಷದ 20 ಸಾವಿರ. ಎರಡು ಕೋಟಿಗೆ ಅದು ನೂರಕ್ಕೆ ಐದು ಚಿಲ್ಲರೆ. ಸಾಲದ ಬಡ್ಡಿ ನೂರಕ್ಕೆ ಹತ್ತು. ಐದು ದುಡಿಯುವ ಕಟ್ಟಡ ಹತ್ತರ ಸಾಲವನ್ನು ಎಷ್ಟು ಅಂತ ಹೊರಬೇಕು ಹೇಳು. ಅದಕ್ಕೇ ಬೆಲೆ ನೋಡಿ ಸಾಲ ಕೊಡಬಾರದು ಅನ್ನೋದು.

ಸೈಟಿಗೆ ಹೋದಾಗ ಕೆಲವರು ನಮ್ಮನ್ನು ಬಿಟ್ಟು ಜೊತೆಗೆ ಬಂದ ಡ್ರೈವರ್ ಹತ್ತಿರ ಮಾತಾಡುತ್ತಾರೆ. ನಾನು ಟೇಪಿನ ಒಂದು ತುದಿ ಮಾಲೀಕರ ಕೈಗೇ ಕೊಡುತ್ತೇನೆ. "ಸರ್, ಆ ಮೂಲೆಗೆ ಹಿಡೀರಿ" ಅನ್ನುತ್ತೇನೆ. ಎರಡು ಗೋಡೆ ಅಳೆಯುವಷ್ಟರಲ್ಲಿ ಮಾತು ನನ್ನ ಕಡೆ ತಿರುಗಿರುತ್ತದೆ. ಮಳೆಗಾಲದಲ್ಲಿ ಒಂದು ಸಲ ಖಂಡಿತ ಹೋಗು. ಬೇಸಿಗೆಯಲ್ಲಿ ಬಣ್ಣ ಬಳಿದ ಗೋದಾಮು ಚೆಂದ ಕಾಣುತ್ತದೆ. ಜುಲೈನಲ್ಲಿ ಗೋಡೆಗೆ ಅಂಗೈ ಇಟ್ಟು ನೋಡಿದರೆ ತೇವ ಎಲ್ಲಿವರೆಗೆ ಏರಿದೆ ಗೊತ್ತಾಗುತ್ತದೆ. ಅಡಿಕೆ ಚೀಲ ಆ ಗೋಡೆಗೆ ಒರಗಿಸಿದರೆ ಬೂಸಲು. ಅಂಥ ಗೋದಾಮಿಗೆ ಒಮ್ಮೆ ಬಂದ ಬಾಡಿಗೆದಾರ ಮತ್ತೆ ಬರುವುದಿಲ್ಲ.

ಬೆಂಗಳೂರಲ್ಲಿರುವ ಸಾಗರದವ · ಬುಧವಾರ, ಬೆಳಿಗ್ಗೆ 7:40

ಎಲ್ಲ ಓದಿದೆ. ನನ್ನ ಮೊದಲ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಇಲ್ಲಿ ಬಂದ ಮೊದಲ ಹದಿನಾಲ್ಕು ತಿಂಗಳು ನಾನು ಮಾಡಿದ್ದು ಬಾಡಿಗೆದಾರರ ಪಟ್ಟಿಯ ಎಕ್ಸೆಲ್ ಹಾಳೆ ಮಾತ್ರ. ಪತ್ರ ನೋಡುವವರು ಬೇರೆ, ಕಟ್ಟಡ ನೋಡುವವರು ಬೇರೆ. ಮಾಲೀಕರ ಮುಖ ನೋಡಿದ್ದು ಮೂರನೇ ವರ್ಷ. ಇ-ಸ್ಟ್ಯಾಂಪ್ ತಾರೀಕು ನೋಡುವ ಕಣ್ಣು ನನಗೆ ಆ ವಯಸ್ಸಿಗೆ ಇರಲಿಲ್ಲ. ನಿಮಗೆ ಮೂರೇ ತಿಂಗಳಲ್ಲಿ ಬಂದಿದೆ.

ಆದರೂ ದೊಡ್ಡ ಸಾಲದ ವಿದ್ಯೆ ಕಲಿಯಲು ಒಂದು ದಿನ ಬರಲೇಬೇಕು ಅನ್ನುವ ಮಾತನ್ನು ಬಿಡುವುದಿಲ್ಲ. ಎರಡು ವರ್ಷ ಅಲ್ಲಿ ಮಾಡಿ. ಹತ್ತಿಪ್ಪತ್ತು ಫೈಲ್ ಮೊದಲಿನಿಂದ ಕೊನೆವರೆಗೆ ನೀವೇ ನಡೆಸಿ, ಒಂದಾದರೂ ಸುಸ್ತಿ ವಸೂಲಿಗೂ ಹೋಗಿ ಬನ್ನಿ. ಆಮೇಲೆ ಬಂದರೆ ಯಾರೂ ನಿಮ್ಮನ್ನು ಎಕ್ಸೆಲ್ ಮುಂದೆ ಕೂರಿಸುವುದಿಲ್ಲ.

ತೀರ್ಥಹಳ್ಳಿ ವಕೀಲ · ಬುಧವಾರ, ಮಧ್ಯಾಹ್ನ 2:00

ಸಾಗರದವರ ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಸಮಯ ಸಿಕ್ಕಾಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಧ ದಿನ ಕೂತು ಬನ್ನಿ ಮೇಡಂ. ಯಾವ ಪತ್ರಕ್ಕೆ ಜನ ಜಗಳ ಆಡುತ್ತಾರೆ ಅಂತ ನೋಡಿದರೆ ಅರ್ಧ ಕಾನೂನು ಬಂದ ಹಾಗೆ.

ಹೊಸನಗರದ ಹುಡುಗಿ · ಗುರುವಾರ, ರಾತ್ರಿ 8:20

ಇವತ್ತು ಆಫೀಸಿನಲ್ಲಿ ಹೇಳಿದೆ. ಎರಡು ವರ್ಷ ಶಿವಮೊಗ್ಗದಲ್ಲೇ ಇರುತ್ತೇನೆ, ಸಾಗರ ಮತ್ತು ಹೊಸನಗರದ ಫೈಲ್‌ಗಳನ್ನೂ ನನಗೇ ಕೊಡಿ ಅಂತ ಕೇಳಿದೆ. ಒಪ್ಪಿದರು. ಅಮ್ಮನಿಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು "ಹಾಗಾದ್ರೆ ಕೊಯ್ಲಿಗೆ ಬರ್ತೀಯಲ್ಲ" ಅಂತ.

ಸವಳಂಗ ರಸ್ತೆ ಫೈಲಿಗೆ ಹೊಸ ಲೆಕ್ಕ ಹಾಕಿದೆ. ಶಾಖೆಯ ಬಾಡಿಗೆ ಮೇಲೆ ಐದು ವರ್ಷಕ್ಕೆ ಎಷ್ಟು ನಿಲ್ಲುತ್ತದೋ ಅಷ್ಟೇ, ಅದರಲ್ಲೂ ಅಡ್ವಾನ್ಸ್ ವಾಪಸ್ ಕೊಡಲು ಒಂದು ಪಾಲು ಎಫ್‌ಡಿಯಲ್ಲಿ ಇಡಬೇಕು ಅಂತ ಷರತ್ತು ಬರೆದಿದ್ದೇನೆ. ಮಾಲೀಕರು ಮೊದಲು ಬೇಜಾರು ಮಾಡಿಕೊಂಡರು. ಕಂತಿನ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು, "ಇಷ್ಟು ಸಾಕು ಬಿಡಿ" ಅಂದರು.

ಕೋಚಿಂಗ್ ಕ್ಲಾಸ್ ನಿಜವಾಗಿ ನಡೆಯುತ್ತಿದೆಯಾ ಅನ್ನುವುದು ಮಾತ್ರ ಇನ್ನೂ ಅನುಮಾನ. ಎರಡು ಸಲ ಮಧ್ಯಾಹ್ನ ಹೋದಾಗಲೂ ಬಾಗಿಲು ಹಾಕಿತ್ತು. ಸಂಜೆ ಕ್ಲಾಸ್ ಅನ್ನುತ್ತಾರೆ. ನಾಳೆ ಏಳು ಗಂಟೆಗೆ ಹೇಳದೆ ಹೋಗುತ್ತಿದ್ದೇನೆ.

ಟೇಪು ಹಿಡಿಯುವ ಅಕ್ಕ · ಗುರುವಾರ, ರಾತ್ರಿ 8:45

ಮೆಟ್ಟಿಲ ಕೆಳಗೆ ಮೀಟರ್ ಬೋರ್ಡ್ ಇರುತ್ತದೆ. ಆರ್‌ಆರ್ ನಂಬರ್ ಮತ್ತು ರೀಡಿಂಗ್ ಎರಡೂ ಕಾಣುವ ಹಾಗೆ ಫೋಟೋ ತಗೋ. ಆಮೇಲೆ ಹಿಂದಿನ ಹನ್ನೆರಡು ತಿಂಗಳ ಮೆಸ್ಕಾಂ ಬಿಲ್ ಕೇಳು. ನಲವತ್ತು ಮಕ್ಕಳು ಕೂರುವ ಕ್ಲಾಸಿನ ಫ್ಯಾನು, ಲೈಟು ಎಷ್ಟು ಯೂನಿಟ್ ತಿನ್ನುತ್ತದೆ ಅಂತ ನಾನು ಲೆಕ್ಕ ಹಾಕಿ ಕೊಡುತ್ತೇನೆ. ಛತ್ರಿ ಮರೀಬೇಡ, ನಾಳೆ ಸಂಜೆ ಮಳೆ ಇದೆ.